ಎಣ್ಣೆ ಹಚ್ಚಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೂ ಉಪಕರಣಕ್ಕೆ ತುಕ್ಕು ಏಕೆ?

ಪ್ರಶ್ನೆ: ಒಂದೆರಡು ವರ್ಷ ವರ್ಕ್‌ಶಾಪ್ ಮುಚ್ಚಬೇಕಾಗಿದೆ. ಹಿಂದೊಮ್ಮೆ ಹೀಗೇ ಆದಾಗ ಉಳಿ, ಅರ, ಸ್ಪ್ಯಾನರ್‌ಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದೆ. ಬಿಚ್ಚಿ ನೋಡಿದರೆ, ಏನೂ ಮಾಡದೆ ಹೊರಗೆ ನೇತುಹಾಕಿದ್ದ ಗರಗಸಕ್ಕಿಂತ ಇವೇ ಹೆಚ್ಚು ತುಕ್ಕು ಹಿಡಿದಿದ್ದವು. ಈ ಸಲ ಏನು ಮಾಡಲಿ?

ಉತ್ತರ: ಎಣ್ಣೆಯನ್ನು ಬೈಯಬೇಡಿ. ಚೀಲದೊಳಗೆ ನೀವೇ ನೀರು ತುಂಬಿ ಬಾಯಿ ಕಟ್ಟಿದ್ದಿರಿ, ಅಷ್ಟೆ.

ಸ್ವಲ್ಪ ಲೆಕ್ಕ ಹಾಕೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಮಿಲಿಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಉಳಿಗೋ ಸುತ್ತಿಗೆಗೋ ಹಾಕಿದ 200 ಗ್ರಾಂ ತೂಕದ ಮರದ ಹಿಡಿಯನ್ನು ತೆಗೆದುಕೊಳ್ಳಿ. ಕೈಗೆ ಒಣಗಿದಂತೆ ಕಂಡರೂ ಅದರಲ್ಲಿ ಸುಮಾರು 20 ಗ್ರಾಂ ನೀರು ಇರುತ್ತದೆ. ಬಟ್ಟೆ, ಹಳೆಯ ಪತ್ರಿಕೆ, ರಟ್ಟು ಇವೂ ಅದೇ ಜಾತಿಯವು. ಅಂದರೆ ಚೀಲದ ಗಾಳಿಯಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ನೀರು ಹಿಡಿಯಲ್ಲಿ, ಸುತ್ತಿದ ಬಟ್ಟೆಯಲ್ಲಿ ಅಡಗಿರುತ್ತದೆ. ಹಗಲು ಬಿಸಿಯಾದಾಗ ಅದು ಆವಿಯಾಗಿ ಹೊರಬರುತ್ತದೆ. ರಾತ್ರಿ ಲೋಹ ತಣ್ಣಗಾದಾಗ ಅದರ ಮೇಲೆ ಕೂರುತ್ತದೆ. 30 ಡಿಗ್ರಿಯಲ್ಲಿ ಶೇಕಡಾ 70 ತೇವಾಂಶ ಇರುವ ಗಾಳಿಗೆ, 24 ಡಿಗ್ರಿಗೆ ಇಳಿದ ಲೋಹ ಸಿಕ್ಕರೆ ಸಾಕು, ಇಬ್ಬನಿ ಕಟ್ಟುತ್ತದೆ. ಹೊರಗೆ ನೇತುಬಿದ್ದ ಗರಗಸದ ಮೇಲಿನ ಇಬ್ಬನಿ ಬೆಳಗಿನ ಗಾಳಿಗೆ ಆರಿಹೋಗುತ್ತದೆ. ಚೀಲದೊಳಗಿನದು ಎಲ್ಲಿಗೆ ಹೋಗಬೇಕು?

ಕಣ್ಣಿಗೆ ಕಾಣುವ ಹನಿಯೇ ಬೇಕೆಂದೂ ಇಲ್ಲ. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದರೆ ಉಕ್ಕಿನ ಮೇಲೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು ತುಕ್ಕಿನ ವೇಗ ಹೆಚ್ಚುತ್ತದೆ. ಮೇಲೆ ಉಪ್ಪಿನ ಅಂಶ ಇದ್ದರೆ ಇನ್ನೂ ಮೊದಲೇ ಶುರು. ಆ ಉಪ್ಪು ಎಲ್ಲಿಂದ ಬರುತ್ತದೆ ಅಂದರೆ ನಮ್ಮ ಬೆವರಿನಿಂದಲೇ. ತುಕ್ಕು ಹಿಡಿದ ಸ್ಪ್ಯಾನರನ್ನು ಬೆಳಕಿಗೆ ಹಿಡಿದರೆ ಎಷ್ಟೋ ಸಲ ಬೆರಳಚ್ಚಿನ ಗೆರೆಗಳು ಹಾಗೇ ಎದ್ದು ಕಾಣುತ್ತವೆ. ಕೊಳೆಯ ಮೇಲೆ ಎಣ್ಣೆ ಸವರಿದರೆ ಕೊಳೆಗೇ ರಕ್ಷಣೆ ಕೊಟ್ಟಂತೆ.

ಆದ್ದರಿಂದ ಈ ಸಲ ಕ್ರಮ ಬದಲಿಸಿ: ಮೊದಲು ತೊಳೆಯಿರಿ, ಆಮೇಲೆ ಒಣಗಿಸಿ, ಆಮೇಲೆ ಎಣ್ಣೆ. ಬರಿಯ ಲೋಹದ ಭಾಗಗಳನ್ನು ಬ್ರಶ್ಶಿನಿಂದ ಉಜ್ಜಿ, ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಜಿಡ್ಡನ್ನೆಲ್ಲ ಒರೆಸಿ. ಈ ಕೆಲಸ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಮಾಡಿ. ಮರದ ಹೊಟ್ಟು, ಲೋಹದ ಪುಡಿ ಮೂಲೆಗಳಲ್ಲಿ ಉಳಿಯಬಾರದು. ಹೊಟ್ಟು ತೇವವನ್ನು ಸ್ಪಂಜಿನಂತೆ ಹೀರಿಕೊಂಡು ಕೂರುತ್ತದೆ. ಆಗಲೇ ಬಂದಿರುವ ತುಕ್ಕನ್ನು ಸಣ್ಣ ಎಮರಿ ಪೇಪರಿನಿಂದ ತೆಗೆಯಿರಿ. ಇಷ್ಟಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ. ಒಣಬಿಸಿಲಿನಲ್ಲೋ ಬಲ್ಬಿನ ಬಿಸಿಯಲ್ಲೋ ಲೋಹ ಕೈಗೆ ಬೆಚ್ಚಗೆ ಹತ್ತುವವರೆಗೆ ಇಟ್ಟು, ಆ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚುವುದು ಒಳ್ಳೆಯದು.

ಯಾವ ಎಣ್ಣೆ? ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಎಲ್ಲರ ಕೈಯಲ್ಲೂ ಇರುವುದು ಡಬ್ಲ್ಯೂಡಿ-40 ಎಂಬ ಸ್ಪ್ರೇ. ಅದನ್ನು 1953ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದೇ ಲೋಹದ ಮೇಲಿನ ನೀರನ್ನು ಹೊರದೂಡಲು, ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಆದರೆ ಅದರ ಬಹುಭಾಗ ಆವಿಯಾಗಿ ಹೋಗುವ ದ್ರಾವಕ. ಹಿಂದೆ ಉಳಿಯುವ ಪದರ ತೀರಾ ತೆಳು. ವಾರಗಳ ಮಟ್ಟಿಗೆ ಸರಿ, ವರ್ಷಗಳಿಗೆ ಸಾಲದು. ಅಡುಗೆ ಎಣ್ಣೆಯಂತೂ ಬೇಡವೇ ಬೇಡ. ಕೆಲವು ಗಾಳಿ ತಾಗಿ ಅಂಟಾಗುತ್ತವೆ, ಕೆಲವು ಕಮಟು ಹಿಡಿದು ಆಮ್ಲ ಬಿಡುತ್ತವೆ. ಗಾಡಿಯಿಂದ ತೆಗೆದ ಕರಿ ಎಂಜಿನ್ ಆಯಿಲ್ ಕೂಡ ಬೇಡ, ಅದರಲ್ಲೂ ಆಮ್ಲ ಮತ್ತು ನೀರಿನ ಅಂಶ ಸೇರಿರುತ್ತವೆ.

ದೀರ್ಘ ಕಾಲಕ್ಕೆ ಬೇಕಾಗಿರುವುದು ಜಾಗ ಬಿಟ್ಟು ಹರಿಯದ ಪದರ. ಕುರಿ ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್ ಇರುವ ರಕ್ಷಕ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಗ್ರೀಸ್, ಇವೆಲ್ಲ ನಡೆಯುತ್ತವೆ. ಬಂದೂಕುಗಳನ್ನು ದಶಕಗಟ್ಟಲೆ ಉಗ್ರಾಣದಲ್ಲಿಡಲು ಅಮೆರಿಕದ ಸೇನೆ ಬಳಸುತ್ತಿದ್ದ ಕಾಸ್ಮೊಲಿನ್ ಇದೇ ಬಗೆಯ ಮೇಣದಂಥ ಜಿಡ್ಡು; ತೆಗೆಯುವುದು ರಗಳೆ, ಕಾಪಾಡುವುದರಲ್ಲಿ ಗಟ್ಟಿ. ಮರ ಹೆರೆದು ನಯ ಮಾಡುವ ತೋಪಡದ ತಳ, ಗರಗಸದ ಅಲಗಿನಂಥ ಮರಕ್ಕೆ ತಾಗುವ ಭಾಗಗಳಿಗೆ ಮಾತ್ರ ನನ್ನ ಆಯ್ಕೆ ಮೇಣದ ಪಾಲಿಶ್. ಗ್ರೀಸ್ ಹಚ್ಚಿದರೆ ಮುಂದೆ ಆ ಕಲೆ ಮರಕ್ಕೆ ಹತ್ತುತ್ತದೆ.

ಇನ್ನು ಸುತ್ತುವುದು. ಬಟ್ಟೆ, ಪತ್ರಿಕೆ, ಚರ್ಮದ ಚೀಲ ಮೂರನ್ನೂ ಬಿಡಿ. ಚರ್ಮ ಹದ ಮಾಡುವಾಗ ಬಳಸಿದ ಲವಣಗಳು ಅದರಲ್ಲೇ ಉಳಿದು ಉಕ್ಕನ್ನು ತಿನ್ನುತ್ತವೆ. ಕಾರ್ಖಾನೆಗಳಿಂದ ಬೇರಿಂಗ್, ಡ್ರಿಲ್ ಬಿಟ್ ಬರುವಾಗ ಒಂದು ಬಗೆಯ ಮೇಣಗಾಗದದಂಥ ಕಾಗದ ಸುತ್ತಿರುತ್ತಾರಲ್ಲ, ಅದು ಬಹುಮಟ್ಟಿಗೆ ವಿಸಿಐ ಕಾಗದ, ಅಂದರೆ ಆವಿಯಾಗಿ ತುಕ್ಕು ತಡೆಯುವ ರಾಸಾಯನಿಕ (ವೋಲಟೈಲ್ ಕರೋಷನ್ ಇನ್ಹಿಬಿಟರ್) ಸೇರಿಸಿದ ಕಾಗದ. ಅದರಿಂದ ನಿಧಾನವಾಗಿ ಹೊರಡುವ ಆವಿ ಲೋಹದ ಮೇಲೆ ಕೂತು ತುಕ್ಕನ್ನು ತಡೆಯುತ್ತದೆ, ಎಣ್ಣೆ ತಲುಪದ ಸಂದಿಗಳಿಗೂ ಹೋಗುತ್ತದೆ. ಒಂದೇ ಷರತ್ತು, ಹೊರಗಿನಿಂದ ಮುಚ್ಚಿರಬೇಕು. ತೆರೆದ ಕಪಾಟಿನಲ್ಲಿ ಆವಿ ಹಾರಿಹೋಗುತ್ತದೆ. ಕಾಗದ ಬಳಸುವುದಾದರೆ ದಪ್ಪ ಗ್ರೀಸ್ ಬೇಡ, ಗ್ರೀಸ್ ದಾಟಿ ಆವಿ ಲೋಹ ಮುಟ್ಟುವುದಿಲ್ಲ. ಹಿತ್ತಾಳೆ, ತಾಮ್ರದ ಭಾಗಗಳಿದ್ದರೆ ಅವಕ್ಕೂ ಆಗುವ ಕಾಗದವೇ ಎಂದು ಕೊಳ್ಳುವಾಗ ಕೇಳಿ. ಪೆಟ್ಟಿಗೆಯಲ್ಲಿ ಕರ್ಪೂರ ಇಡುವ ಹಳೆಯ ಕುಶಲಕರ್ಮಿಗಳ ರೂಢಿಯ ಹಿಂದಿರುವ ಯೋಚನೆಯೂ ಇದೇ. ಆದರೆ ಕರ್ಪೂರ ಬೇಗ ಆವಿಯಾಗಿ ಮುಗಿದುಹೋಗುತ್ತದೆ, ಮುಚ್ಚಿಟ್ಟು ಮರೆಯುವವರಿಗೆ ಅದು ಆಗಿಬರುವುದಿಲ್ಲ.

ಹೊರಗಿನ ಚೀಲಕ್ಕೆ ಪಾಲಿಥೀನ್ ಸಾಕು. ಪಿವಿಸಿ ಹಾಳೆ ಮಾತ್ರ ಬೇಡ, ಅದು ಹಳತಾದಂತೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಬಣ್ಣದ್ದಾದರೆ ತೇವ ಹೀರಿ ಗುಲಾಬಿಯಾಗುತ್ತದೆ. ಹರಳುಗಳನ್ನು ಸುಮಾರು 110–120 ಡಿಗ್ರಿ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ಆದರೆ ಮರದ ಹಿಡಿಯ ಉಪಕರಣಗಳನ್ನು ಹೀಗೆ ಬಿಗಿಯಾಗಿ ಮುಚ್ಚಲೇಬೇಡಿ. ಹಿಡಿಯನ್ನು ಹೊರಗೆ ಬಿಟ್ಟು ಅಲಗಿಗೆ ಮಾತ್ರ ವಿಸಿಐ ಕಾಗದ, ಅದರ ಮೇಲೆ ಪಾಲಿಥೀನ್ ಸುತ್ತಿ ಕಟ್ಟಿ, ಗಾಳಿಯಾಡುವ ಕಪಾಟಿನಲ್ಲಿಡಿ. ಹಿಡಿಗೆ ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಆ ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಕಿಡಿ ತಾಗದೆಯೂ ಬಟ್ಟೆ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಜಾಗದ ಬಗ್ಗೆ ಎರಡೇ ಮಾತು. ಸಿಮೆಂಟ್ ನೆಲ ತೇವ ಎಳೆಯುತ್ತದೆ, ಪೆಟ್ಟಿಗೆಯ ಕೆಳಗೆ ಹಲಗೆ ಕೊಡಿ. ಅದೇ ಕೋಣೆಯಲ್ಲಿ ಆಸಿಡ್ ಬಾಟಲಿಯನ್ನೋ ಬ್ಲೀಚಿಂಗ್ ಪೌಡರನ್ನೋ ಇಟ್ಟರೆ ಮೇಲೆ ಹೇಳಿದ್ದೆಲ್ಲ ದಂಡ. ಮುಚ್ಚಳ ಬಿಗಿಯಾಗಿದ್ದರೂ ಹೊಗೆ ಸೋರಿ ಇಡೀ ಕೋಣೆಯ ಕಬ್ಬಿಣವನ್ನು ಕೆಂಪಾಗಿಸುತ್ತದೆ.

ತುಕ್ಕಿಗೆ ಸಂಬಂಧವಿಲ್ಲದೆ ಹಾಳಾಗುವವೂ ಇವೆ. ವರ್ನಿಯರ್, ಮೈಕ್ರೋಮೀಟರ್‌ಗಳ ದವಡೆಗಳನ್ನು ಒಂದಕ್ಕೊಂದು ಕಚ್ಚಿಸಿ ಇಡಬೇಡಿ, ಕೂದಲೆಳೆಯಷ್ಟಾದರೂ ಸಂದಿ ಬಿಡಿ. ಕ್ಲಿಕ್ ಮಾದರಿಯ ಟಾರ್ಕ್ ರೆಂಚನ್ನು (ನಟ್ಟನ್ನು ಬೇಕಾದಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಅಳತೆಪಟ್ಟಿಯ ಅತಿ ಕಡಿಮೆ ಗುರುತಿಗೆ ಇಳಿಸಿಡಿ, ಅದಕ್ಕಿಂತ ಕೆಳಗೂ ಬೇಡ. ಹ್ಯಾಕ್‌ಸಾ ಅಲಗನ್ನು ಸಡಿಲಿಸಿ. ಡಿಜಿಟಲ್ ಕ್ಯಾಲಿಪರ್, ಮಲ್ಟಿಮೀಟರ್‌ಗಳ ಸೆಲ್ ತೆಗೆದುಬಿಡಿ, ಸೋರಿದರೆ ಒಳಗಿನ ತಗಡನ್ನೇ ತಿನ್ನುತ್ತವೆ. ಡ್ರಿಲ್ ಮೆಷಿನ್ನಿನ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಖಾಲಿಯಾಗಿಯೂ ಇಡಬಾರದು. ಶೇಕಡಾ 40ರಿಂದ 60ರ ನಡುವೆ ಇರುವಾಗ ಮೆಷಿನ್ನಿನಿಂದ ಬಿಚ್ಚಿ ತಂಪಾದ ಕಡೆ ಇಟ್ಟು, ಆರು ತಿಂಗಳಿಗೊಮ್ಮೆ ನೋಡುತ್ತಿರಿ.

ಆ ಆರು ತಿಂಗಳ ಭೇಟಿಯಲ್ಲೇ ಸಿಲಿಕಾ ಜೆಲ್ಲಿನ ಬಣ್ಣವನ್ನು ಪಾರದರ್ಶಕ ಚೀಲದ ಹೊರಗಿನಿಂದಲೇ ನೋಡಿ. ನೀಲಿಯಾಗಿದ್ದರೆ ಬಿಚ್ಚುವ ಅಗತ್ಯವೇ ಇಲ್ಲ. ಕೊನೆಗೆ ಎಲ್ಲವನ್ನೂ ಹೊರತೆಗೆಯುವ ದಿನ ಆತುರಪಡಬೇಡಿ. ತಣ್ಣಗಿನ ಕೋಣೆಯಿಂದ ಬೆಚ್ಚಗಿನ ಕಡೆಗೆ ತಂದ ಪೆಟ್ಟಿಗೆಯನ್ನು ಒಂದು ರಾತ್ರಿ ಹಾಗೇ ಮುಚ್ಚಿಡಿ, ಒಳಗಿನ ಲೋಹ ಹೊರಗಿನಷ್ಟೇ ಬೆಚ್ಚಗಾದ ಮೇಲೆ ತೆರೆಯಿರಿ.