ಕಲ್ಲಿನಿಂದ ಎಲೆಗೆ, ಎಲೆಯಿಂದ ಮತ್ತೆ ಕಲ್ಲಿಗೆ: ಟ್ಯಾರೋ ಚಿತ್ರಗಳ ಆರು ಶತಮಾನ

ಟ್ಯಾರೋ ಎಂಬ ಚಿತ್ರದ ಇಸ್ಪೀಟು ಎಲೆಗಳು ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಭವಿಷ್ಯ ಹೇಳುವವರ ಮೇಜು. ಹೀಗಾಗಿ ಟ್ಯಾರೋ ಚಿತ್ರಗಳಿಂದ ಹುಟ್ಟಿದ ಶಿಲ್ಪವೋ ವರ್ಣಚಿತ್ರವೋ ಪ್ರದರ್ಶನಕ್ಕೆ ಬಂದಾಗಲೆಲ್ಲ ಅದೇ ಹಳೆಯ ವಾದ ಏಳುತ್ತದೆ. ಇದು ಕಲೆಯೇ, ಶಕುನ ನೋಡುವ ಪದ್ಧತಿಗೆ ಬಳಿದ ಬಣ್ಣವೇ? ಈಜಿಪ್ಟಿನ ಪ್ರಾಚೀನ ಜ್ಞಾನ ಇದರಲ್ಲಿ ಅಡಗಿದೆ ಎನ್ನುವವರೂ ಇದ್ದಾರೆ, ಬರೀ ಇಸ್ಪೀಟು ಎಂದು ತಳ್ಳಿಹಾಕುವವರೂ ಇದ್ದಾರೆ. ಯಾವುದು ಮೊದಲು ಬಂತು, ಯಾವುದು ಆಮೇಲೆ ಸೇರಿಕೊಂಡಿತು ಎಂದು ನೋಡಿದರೆ ಗೋಜಲು ಅರ್ಧದಷ್ಟಾದರೂ ಬಿಡಿಸಿಕೊಳ್ಳುತ್ತದೆ.

ಮೊದಲು ಬಂದದ್ದು ಆಟ. 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆ ಎಂಬ ನಾಲ್ಕು ಪಂಗಡಗಳ 56 ಇಸ್ಪೀಟು ಎಲೆಗಳಿಗೆ 22 ಚಿತ್ರದ ಎಲೆಗಳನ್ನು ಸೇರಿಸಿದರು. ಈ 22ರಲ್ಲಿ ಹೆಚ್ಚಿನವು ಉಳಿದ ಎಲೆಗಳನ್ನು ಸೋಲಿಸುವ ತುರುಪಿನ ಎಲೆಗಳು. ಮಿಲಾನಿನ ದೊರೆಮನೆಗಾಗಿ 1450ರ ಸುಮಾರಿಗೆ ತಯಾರಾದ ಕಟ್ಟನ್ನು ಬೊನಿಫಾಚಿಯೊ ಬೆಂಬೊ ಎಂಬ ಚಿತ್ರಕಾರನದ್ದೆಂದು ಗುರುತಿಸುತ್ತಾರೆ. ಅದರ 78 ಎಲೆಗಳಲ್ಲಿ 74 ಇಂದಿಗೂ ಉಳಿದಿವೆ. ಚಿನ್ನದ ರೇಕಿನ ಹಿನ್ನೆಲೆಯಲ್ಲಿ ನಿಂತ ಸಾಮ್ರಾಜ್ಞಿ, ಸನ್ಯಾಸಿ, ಸಾವು, ಸೂರ್ಯ ಇವರನ್ನೆಲ್ಲ ಚಿತ್ರಕಾರ ಶೂನ್ಯದಿಂದ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಇಂಥ ಆಕೃತಿಗಳು ಆ ಕಾಲದ ಗೋಡೆಚಿತ್ರಗಳಲ್ಲಿದ್ದವು, ಕಲ್ಲಿನಲ್ಲೂ ಇದ್ದವು. ವೆರೋನಾದ ಸಾನ್ ಝೆನೋ ಚರ್ಚಿನ ಮುಂಗೋಡೆಯ ದುಂಡು ಕಿಟಕಿಯೇ ಒಂದು ಅದೃಷ್ಟಚಕ್ರ. ಅದರ ಅಂಚಿನಲ್ಲಿ ಮನುಷ್ಯರು ಏಳುತ್ತಿದ್ದಾರೆ, ಬೀಳುತ್ತಿದ್ದಾರೆ. ಅದನ್ನು ಕೆತ್ತಿದ್ದು ಟ್ಯಾರೋ ಎಲೆಗಳಿಗಿಂತ ಎರಡು ಶತಮಾನಕ್ಕೂ ಮೊದಲು. ಶಿಲ್ಪಿಗಳು ಟ್ಯಾರೋದಿಂದ ಎರವಲು ಪಡೆಯುತ್ತಾರೆ ಎಂದು ದೂರುವವರು, ಟ್ಯಾರೋವೇ ಮೊದಲು ಶಿಲ್ಪಿಗಳ ಲೋಕದಿಂದ ಎರವಲು ಪಡೆದದ್ದನ್ನು ಗಮನಿಸಬೇಕು.

ಮುಂದಿನ ಮುನ್ನೂರು ವರ್ಷ ಟ್ಯಾರೋ ಬಹುಮಟ್ಟಿಗೆ ಆಟವಾಗಿಯೇ ಉಳಿಯಿತು. ಮರದ ಅಚ್ಚಿನಲ್ಲಿ ಮುದ್ರಣವಾಗಿ ಜನಸಾಮಾನ್ಯರ ಕೈಗೆ ಸಿಕ್ಕಿತು. 1781ರಲ್ಲಿ ಕೂರ್ ದ ಜೆಬ್ಲಾಂ ಎಂಬ ಫ್ರೆಂಚ್ ವಿದ್ವಾಂಸ, ಇವು ಈಜಿಪ್ಟಿನ ಪುರೋಹಿತರು ಬಿಟ್ಟುಹೋದ ಗ್ರಂಥದ ಪುಟಗಳು ಎಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸುವ ದಾರಿ ಸಿಕ್ಕಿದ್ದು 1822ರಲ್ಲಿ. ಅಂದರೆ ಆ ಲಿಪಿಯನ್ನು ಓದಬಲ್ಲವರು ಯಾರೂ ಇಲ್ಲದಿದ್ದಾಗ ಹುಟ್ಟಿದ ಮಾತು ಅದು. ಆದರೂ ಬೇರು ಬಿಟ್ಟಿತು. 19ನೇ ಶತಮಾನವಿಡೀ ಗುಪ್ತವಿದ್ಯೆಯ ಆಸಕ್ತರು ಅದರ ಮೇಲೆ ಒಂದೊಂದೇ ಅಂತಸ್ತು ಕಟ್ಟುತ್ತ ಹೋದರು.

ಇಂದು ಜಗತ್ತಿಗೆ ಪರಿಚಿತವಾದ ಟ್ಯಾರೋ ಮುಖ ರೂಪುಗೊಂಡದ್ದು 1909ರಲ್ಲಿ, ಲಂಡನ್ನಿನಲ್ಲಿ. ಗುಪ್ತವಿದ್ಯೆಯ ಲೇಖಕ ಆರ್ಥರ್ ವೇಟ್ ಯೋಜಿಸಿದ ಕಟ್ಟಿಗೆ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಅದುವರೆಗೆ ಬಹುಪಾಲು ಕಟ್ಟುಗಳ ಸಾಮಾನ್ಯ ಎಲೆಗಳಲ್ಲಿ ಐದು ಬಟ್ಟಲು ಎಂದರೆ ಐದು ಬಟ್ಟಲು, ಅಷ್ಟೇ. ಸ್ಮಿತ್ ಅಲ್ಲಿಗೆ ಮನುಷ್ಯರನ್ನು ತಂದರು. ಉರುಳಿಬಿದ್ದ ಬಟ್ಟಲುಗಳ ಮುಂದೆ ಕಪ್ಪು ಹೊದ್ದು ತಲೆತಗ್ಗಿಸಿ ನಿಂತ ವ್ಯಕ್ತಿಯನ್ನು ಕಂಡರೆ ದುಃಖ ಏನೆಂದು ಯಾರೂ ವಿವರಿಸಬೇಕಿಲ್ಲ. ಕೆಲಸ ದೊಡ್ಡದು, ಸಿಕ್ಕ ಹಣ ಅತ್ಯಲ್ಪ ಎಂದು ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಈ ಕಟ್ಟು ದಶಕಗಳ ಕಾಲ ಪ್ರಕಾಶಕರ ಮತ್ತು ವೇಟ್ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಚಿತ್ರ ಬರೆದವರ ಹೆಸರು ಪ್ರತಿ ಎಲೆಯ ಮೂಲೆಯಲ್ಲಿ ಬಳ್ಳಿಯಂತೆ ಸುತ್ತಿಕೊಂಡ ಪುಟ್ಟ ಅಂಕಿತವಾಗಿ ಕುಳಿತಿತ್ತು. 1951ರಲ್ಲಿ ಅವರು ಬಡತನದಲ್ಲೇ ತೀರಿಕೊಂಡರು.

ಈ ನಡುವೆ ಬೇರೆ ಕಲಾವಿದರೂ ಟ್ಯಾರೋವನ್ನು ತಮ್ಮದಾಗಿಸಿಕೊಂಡರು. 1940ರ ಚಳಿಗಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಮಾರ್ಸೇ ನಗರದಲ್ಲಿ ಹಡಗಿಗಾಗಿ ಕಾಯುತ್ತಿದ್ದ ಫ್ರೆಂಚ್ ಕವಿ ಆಂದ್ರೆ ಬ್ರೆತೋನ್ ಮತ್ತು ಅವರ ಕಲಾವಿದ ಗೆಳೆಯರು ತಮ್ಮದೇ ಎಲೆಗಳನ್ನು ರಚಿಸಿದರು. ಅವುಗಳಲ್ಲಿ ರಾಜ ರಾಣಿಯರಿಗೆ ಜಾಗವಿರಲಿಲ್ಲ. ಮೆಕ್ಸಿಕೋದಲ್ಲಿ ನೆಲೆಸಿದ ಚಿತ್ರಕಾರ್ತಿ ಲಿಯೊನೋರಾ ಕ್ಯಾರಿಂಗ್ಟನ್ 22 ಚಿತ್ರದ ಎಲೆಗಳನ್ನೂ ಬಿಡಿಸಿದರು.

ಆದರೆ ಈ ಆಕೃತಿಗಳು ಕಾಗದ ಬಿಟ್ಟು ನೆಲದ ಮೇಲೆ ಎದ್ದುನಿಂತದ್ದು ಇಟಲಿಯ ಟಸ್ಕನಿಯಲ್ಲಿ. ಶಿಲ್ಪಿ ನಿಕಿ ದ ಸ್ಯಾಂ ಫಾಲ್ 1955ರಲ್ಲಿ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿ ರೂಪಿಸಿದ ಗುಯೆಲ್ ಉದ್ಯಾನವನ್ನು ಕಂಡು, ತಾವೂ ಅಂಥದ್ದೊಂದು ತೋಟ ಕಟ್ಟಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. 1970ರ ದಶಕದ ಕೊನೆಗೆ ಕಾಪಾಲ್ಬಿಯೊ ಬಳಿ ಸ್ನೇಹಿತರು ಕೊಟ್ಟ ಜಾಗದಲ್ಲಿ ಕೆಲಸ ಶುರುವಾಯಿತು. ತೋಟ ಸಾರ್ವಜನಿಕರಿಗೆ ತೆರೆದದ್ದು 1998ರಲ್ಲಿ. ಸುಮಾರು ಎರಡು ದಶಕ, 22 ಆಕೃತಿಗಳು. ವೆಚ್ಚದ ಮೂರನೇ ಒಂದು ಭಾಗ ಬಂದದ್ದು ತಮ್ಮ ಹೆಸರಿನಲ್ಲಿ ಅವರು ಹೊರತಂದ ಸುಗಂಧದ್ರವ್ಯದ ಮಾರಾಟದಿಂದ.

ಕೆಲಸ ನಡೆದ ಬಗೆಯನ್ನು ತಿಳಿದರೆ ಇದನ್ನು ಅಲಂಕಾರ ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ಮೊದಲು ನಿಕಿಯ ಪತಿ, ಶಿಲ್ಪಿ ಜಾಂ ಟ್ಯಾಂಗ್ಲಿ ಮತ್ತು ಸಂಗಡಿಗರು ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಬೆಸೆದು ಹಂದರ ನಿಲ್ಲಿಸಿದರು. ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸಿಮೆಂಟು. ಹಸಿ ಜೇಡಿಮಣ್ಣಿನ ಬಿಲ್ಲೆಗಳನ್ನು ಶಿಲ್ಪದ ಮೈಮೇಲೆಯೇ ಒತ್ತಿ ಅದರ ಉಬ್ಬುತಗ್ಗುಗಳಿಗೆ ಹೊಂದಿಸುತ್ತಿದ್ದರು. ಬಳಿಕ ಒಂದೊಂದಕ್ಕೂ ಸಂಖ್ಯೆ ಹಾಕಿ, ಬಿಡಿಸಿ, ಸುಟ್ಟು, ಮೆರುಗು ಕೊಟ್ಟು ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತಿದ್ದರು. ಸುಟ್ಟ ಮಣ್ಣು ಶೇಕಡಾ 10ರಷ್ಟು ಕುಗ್ಗುತ್ತದೆ. ಹಾಗೆ ಉಳಿದ ಸಂದುಗಳನ್ನು ಕೈಯಿಂದ ಕತ್ತರಿಸಿದ ಗಾಜಿನ ಚೂರುಗಳು ತುಂಬಿದವು. ಸುತ್ತಲಿನ ಊರಿನವರು ಕೆಲಸ ಮಾಡುತ್ತಲೇ ಕಲಿತರು. ಅಲ್ಲಿನ ಅಂಚೆಯವರೊಬ್ಬರು ಕನ್ನಡಿ ಕೂರಿಸುವುದರಲ್ಲಿ ನಿಷ್ಣಾತರಾದರು.

ನಿಕಿ ವರ್ಷಗಟ್ಟಲೆ ವಾಸವಿದ್ದದ್ದು ಸಾಮ್ರಾಜ್ಞಿಯ ಒಡಲೊಳಗೆ. ಒಂದು ಸ್ತನದಲ್ಲಿ ಮಲಗುವ ಕೋಣೆ, ಇನ್ನೊಂದರಲ್ಲಿ ಅಡುಗೆಮನೆ. ಕೀಲುಗಳ ಉರಿಯೂತ ಕೈಗಳನ್ನು ಸೊಟ್ಟಗಾಗಿಸಿದರೂ, ಹಿಂದೆ ಶಿಲ್ಪಗಳಿಗೆ ಬಳಸಿದ ಪಾಲಿಯೆಸ್ಟರ್ ಶ್ವಾಸಕೋಶವನ್ನು ಕೆಡಿಸಿದ್ದರೂ ಕೆಲಸ ನಿಲ್ಲಲಿಲ್ಲ. ಎಲೆಗಳಲ್ಲಿ ಅರ್ಥವಿದೆಯೆಂದು ಅವರು ನಿಜಕ್ಕೂ ನಂಬಿದ್ದರು. ಇಲ್ಲಿ ನಂಬಿಕೆಯನ್ನು ಒಂದು ಕಡೆಗೂ ಕಲೆಯನ್ನು ಇನ್ನೊಂದು ಕಡೆಗೂ ಸೀಳಿಡುವುದು ಕಷ್ಟ. ಹಾಗೆ ಸೀಳಲೇಬೇಕೆನ್ನುವ ಹಟ ಈ ಆಕೃತಿಗಳ ಮುಂದೆ ನಿಂತಾಗ ಸಣ್ಣದಾಗಿ ಕಾಣುತ್ತದೆ.

ತೋಟದಲ್ಲಿ ಮಾರ್ಗದರ್ಶಿಗಳು ಇರಬಾರದು ಎಂಬುದು ಅವರ ಇಚ್ಛೆಯಾಗಿತ್ತು. ಯಾವ ಆಕೃತಿಯನ್ನು ಮೊದಲು ನೋಡಬೇಕೆಂಬುದು ಬಂದವರಿಗೆ ಬಿಟ್ಟದ್ದು. ಒಳಗೆ ಮಹಾ ಪೂಜಾರಿಣಿ ಎಂಬ ಎಲೆಯ ಆಕೃತಿಯ ನೀಲಿ ತಲೆ ಬಾಯ್ತೆರೆದು ನಿಂತಿದೆ. ಆ ಬಾಯಿಂದ ಹೊರಟ ನೀರು ಮೆಟ್ಟಿಲಿಳಿದು ಕೊಳ ಸೇರುತ್ತದೆ. ವೆರೋನಾದ ಗೋಡೆಯಲ್ಲಿ ಕಲ್ಲಾಗಿದ್ದ ಅದೃಷ್ಟಚಕ್ರ ಆ ಕೊಳದಲ್ಲಿ ಟ್ಯಾಂಗ್ಲಿ ಬೆಸೆದ ಕಬ್ಬಿಣವಾಗಿ ನಿಂತಿದೆ.