ಕೀಲಿಮಣೆಯ ಕೆಳಗಿರುವ ಸಂಸ್ಕೃತ

ಸಂಸ್ಕೃತ ಇಂದಿನ ದಿನನಿತ್ಯದ ಬದುಕಿನಲ್ಲಿ ಎಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ಮದುವೆ, ಗೃಹಪ್ರವೇಶ, ಶ್ರಾದ್ಧಗಳ ಮಂತ್ರಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ ಎಂಬುದು ಒಂದು. ನಾಸಾದ ಕಂಪ್ಯೂಟರುಗಳು ಸಂಸ್ಕೃತದಲ್ಲೇ ಕೆಲಸ ಮಾಡುತ್ತವೆ, ಜಗತ್ತಿನ ಭಾಷೆಗಳಿಗೆಲ್ಲ ಅದೇ ತಾಯಿ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅರ್ಧದಷ್ಟು ನಿಜವಿದೆ, ಎರಡನೆಯದರಲ್ಲಿ ಅಷ್ಟೂ ಇಲ್ಲ. 2011ರ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು 24,821 ಮಂದಿ. ದೇಶದ ಜನಸಂಖ್ಯೆಯ ಎದುರು ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣ ಸಂಖ್ಯೆ. ಆದರೆ ಒಂದು ಶ್ಲೋಕವನ್ನೂ ಕಲಿಯದ ಕೋಟ್ಯಂತರ ಜನರು ಮೊಬೈಲಿನಲ್ಲಿ ಕನ್ನಡದ ಒಂದು ಸಂದೇಶವನ್ನು ಬರೆಯುವಾಗಲೂ ನಿಘಂಟಿನಲ್ಲಿ ಒಂದು ಪದವನ್ನು ಹುಡುಕುವಾಗಲೂ ಸಂಸ್ಕೃತದ ವಿದ್ವಾಂಸರು ಎರಡೂವರೆ ಸಾವಿರ ವರ್ಷಗಳ ಹಿಂದೆ ಕಂಡುಕೊಂಡ ಒಂದು ಸಂಗತಿಯನ್ನು ಬಳಸುತ್ತಲೇ ಇರುತ್ತಾರೆ. ನಮ್ಮ ವರ್ಣಮಾಲೆಯ ಕ್ರಮವೇ ಆ ಸಂಗತಿ.

ಎ, ಬಿ, ಸಿ, ಡಿ ಎಂಬ ರೋಮನ್ ಅಕ್ಷರಗಳ ಸಾಲನ್ನು ಒಮ್ಮೆ ಗಮನಿಸಿದರೆ ಸ್ವರದ ಪಕ್ಕದಲ್ಲಿ ತುಟಿಯ ವ್ಯಂಜನ, ಅದಾದ ಮೇಲೆ ಬೇರೆ ಯಾವುದೋ ವ್ಯಂಜನ, ನಡುವೆ ಮತ್ತೆ ಒಂದು ಸ್ವರ ಬರುತ್ತವೆ. ಆ ಕ್ರಮ ರೂಢಿಯಿಂದ ಬಂದದ್ದು, ಧ್ವನಿಗೂ ಅದಕ್ಕೂ ಸಂಬಂಧವಿಲ್ಲ. ಕ ಖ ಗ ಘ ಙ ಎಂಬ ಸಾಲಿನಲ್ಲಿ ಮಾತ್ರ ಒಂದೊಂದು ಹೆಜ್ಜೆಗೂ ಕಾರಣವಿದೆ. ವರ್ಗಾಕ್ಷರಗಳನ್ನು ಐದು ಸಾಲುಗಳ ಕೋಷ್ಟಕವಾಗಿ ಬರೆದುಕೊಂಡು ಕ, ಚ, ಟ, ತ, ಪ ಎಂದು ಮೇಲಿನಿಂದ ಕೆಳಗೆ ಓದುತ್ತ ಹೋದರೆ ಗಾಳಿಯನ್ನು ತಡೆಯುವ ಜಾಗ ಬಾಯಿಯ ಹಿಂಭಾಗದಿಂದ ಮುಂದಕ್ಕೆ ಸರಿಯುತ್ತದೆ: ಮೃದು ಅಂಗುಳ, ಗಟ್ಟಿ ಅಂಗುಳ, ಅಂಗುಳದ ನೆತ್ತಿ, ಹಲ್ಲು, ಕೊನೆಗೆ ತುಟಿ. ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದರೆ ಜಾಗ ಬದಲಾಗುವುದಿಲ್ಲ, ಉಚ್ಚರಿಸುವ ರೀತಿ ಬದಲಾಗುತ್ತದೆ. ಮೊದಲ ಎರಡು ಅಕ್ಷರಗಳಲ್ಲಿ ಧ್ವನಿತಂತುಗಳು ಕಂಪಿಸುವುದಿಲ್ಲ, ಮುಂದಿನ ಎರಡರಲ್ಲಿ ಕಂಪಿಸುತ್ತವೆ, ಐದನೆಯದರಲ್ಲಿ ಕಂಪನದ ಜೊತೆಗೆ ಮೂಗಿನ ದಾರಿಯೂ ತೆರೆದುಕೊಳ್ಳುತ್ತದೆ. ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳಲ್ಲಿ ಉಸಿರು ಜೋರಾಗಿ ಹೊರಬೀಳುತ್ತದೆ.

ಇದನ್ನು ಪುಸ್ತಕದ ಮಾತೆಂದು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಗಂಟಲಿನ ಮೇಲೆ ಎರಡು ಬೆರಳುಗಳನ್ನಿಟ್ಟುಕೊಂಡು ‘ಅಪ್ಪ’ ಎಂದು ನಿಧಾನವಾಗಿ ಹೇಳಿದರೆ, ತುಟಿ ಮುಚ್ಚಿದ ಕ್ಷಣ ಗಂಟಲಿನ ಕಂಪನ ನಿಂತುಹೋಗುತ್ತದೆ. ‘ಅಬ್ಬ’ ಎಂದು ಹೇಳಿದರೆ ತುಟಿ ಮುಚ್ಚಿರುವಾಗಲೂ ಬೆರಳಿಗೆ ಕಂಪನ ತಿಳಿಯುತ್ತಲೇ ಇರುತ್ತದೆ. ಪ ಮತ್ತು ಬ ನಡುವಿನ ವ್ಯತ್ಯಾಸವೆಲ್ಲ ಇಷ್ಟೇ. ಇನ್ನು ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ‘ಅಮ್ಮ’ ಎನ್ನಲು ಪ್ರಯತ್ನಿಸಿದರೆ ಬಾಯಿಂದ ಹೊರಡುವುದು ಬಹುಮಟ್ಟಿಗೆ ‘ಅಬ್ಬ’. ಏಕೆಂದರೆ ಮ ಮತ್ತು ಬ ಎರಡಕ್ಕೂ ತುಟಿಯ ಕೆಲಸ ಒಂದೇ, ಗಂಟಲಿನ ಕೆಲಸವೂ ಒಂದೇ, ಮೂಗಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬುದೊಂದೇ ಭೇದ. ಪವರ್ಗದ ಸಾಲಿನಲ್ಲಿ ಆ ಐದು ಅಕ್ಷರಗಳು ಏಕೆ ಒಟ್ಟಿಗೆ ನಿಂತಿವೆ ಎಂಬುದು ಹೀಗೆ ನಮ್ಮ ಮುಖದಲ್ಲಿಯೇ ಸಾಬೀತಾಗುತ್ತದೆ.

ಈ ಕೋಷ್ಟಕದ ನಿಜವಾದ ಬಲ ತಿಳಿಯಬೇಕಾದರೆ ಕನ್ನಡದ ಸೊನ್ನೆಯನ್ನು, ಅಂದರೆ ಅನುಸ್ವಾರವನ್ನು, ಹತ್ತಿರದಿಂದ ನೋಡಬೇಕು. ಅಂಕ, ಅಂಚೆ, ಅಂಟು, ಅಂದ, ಅಂಬು ಎಂಬ ಐದು ಪದಗಳಲ್ಲಿ ನಾವು ಬರೆಯುವ ಗುರುತು ಒಂದೇ. ಆದರೆ ನಾಲಿಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸುತ್ತ ಒಂದೊಂದನ್ನೂ ಹೇಳಿದರೆ, ಕ ಬರುವ ಮುನ್ನ ಅದು ಙ, ಚ ಬರುವ ಮುನ್ನ ಞ, ಟ ಬರುವ ಮುನ್ನ ಣ, ದ ಬರುವ ಮುನ್ನ ನ, ಬ ಬರುವ ಮುನ್ನ ಮ. ಯಾರೂ ಇದನ್ನು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಮುಂದಿನ ವ್ಯಂಜನಕ್ಕೆ ಬಾಯಿ ಮೊದಲೇ ಸಿದ್ಧವಾಗುವುದರಿಂದ ಅದು ತಾನಾಗಿ ಆಗುತ್ತದೆ. ಸಂಸ್ಕೃತದ ಪ್ರಾಚೀನ ವೈಯಾಕರಣ ಪಾಣಿನಿ ಇದನ್ನು ‘ಅನುಸ್ವಾರಸ್ಯ ಯಯಿ ಪರಸವರ್ಣಃ’ ಎಂಬ ಒಂದೇ ಸೂತ್ರದಲ್ಲಿ ಹೇಳಿ ಮುಗಿಸಿದ್ದಾನೆ: ಅನುಸ್ವಾರವು ಮುಂದಿರುವ ಅಕ್ಷರದ ಸಾಲಿಗೆ ಸೇರಿದ ಅನುನಾಸಿಕವಾಗುತ್ತದೆ. ಐದು ಬೇರೆ ಬೇರೆ ನಿಯಮಗಳು ಒಂದಾದದ್ದು ಕೋಷ್ಟಕ ಇದ್ದುದರಿಂದ. ಅಂಟು ಅಚ್ಚಗನ್ನಡದ ಮಾತಾಗಿದ್ದರೂ ಸೂತ್ರ ಅಲ್ಲಿಯೂ ಸಲ್ಲುತ್ತದೆ, ಏಕೆಂದರೆ ಅದು ವಿವರಿಸುತ್ತಿರುವುದು ಮನುಷ್ಯನ ಬಾಯಿಯ ಸ್ವಭಾವವನ್ನು.

ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಜಶ್ತ್ವ ಸಂಧಿಯೂ ಇಂಥದ್ದೇ. ವಾಕ್ ಮತ್ತು ಈಶ ಸೇರಿ ವಾಗೀಶ, ಅಚ್ ಮತ್ತು ಅಂತ ಸೇರಿ ಅಜಂತ, ಷಟ್ ಮತ್ತು ಆನನ ಸೇರಿ ಷಡಾನನ, ಚಿತ್ ಮತ್ತು ಆನಂದ ಸೇರಿ ಚಿದಾನಂದ, ಅಪ್ ಮತ್ತು ಜ ಸೇರಿ ಅಬ್ಜ. ಕ, ಚ, ಟ, ತ, ಪ ಎಂಬ ಮೊದಲ ಕಂಬಸಾಲು ಗ, ಜ, ಡ, ದ, ಬ ಎಂಬ ಮೂರನೆಯ ಕಂಬಸಾಲಿಗೆ ಹೆಜ್ಜೆ ಹಾಕಿದೆ, ಅಷ್ಟೇ. ಪಾಣಿನಿಯ ಹದಿನಾಲ್ಕು ಶಿವಸೂತ್ರಗಳಲ್ಲಿ ‘ಜ ಬ ಗ ಡ ದ ಶ್’ ಎಂಬುದೊಂದು. ಮೊದಲ ಅಕ್ಷರವನ್ನೂ ಕೊನೆಯ ಗುರುತನ್ನೂ ಸೇರಿಸಿ ‘ಜಶ್’ ಎಂದರೆ ಆ ಇಡೀ ಕಂಬಸಾಲು ಎಂದರ್ಥ. ಕನ್ನಡದ ಆದೇಶ ಸಂಧಿಯಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವುದೂ ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾಗುವುದೂ ಇದೇ ಹೆಜ್ಜೆಯೇ. ಅಕ್ಕಪಕ್ಕದ ಸ್ವರಗಳಲ್ಲಿ ಧ್ವನಿತಂತುಗಳು ಕಂಪಿಸುತ್ತಿರುವಾಗ ನಡುವಿನ ವ್ಯಂಜನಕ್ಕಾಗಿ ಅವನ್ನು ನಿಲ್ಲಿಸಿ ಮತ್ತೆ ಆರಂಭಿಸುವುದಕ್ಕಿಂತ ಕಂಪನವನ್ನು ಮುಂದುವರಿಸುವುದೇ ಸುಲಭ.

ಇಷ್ಟು ಸೂಕ್ಷ್ಮವಾದ ವಿಶ್ಲೇಷಣೆ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. ವೇದಗಳನ್ನು ಬರವಣಿಗೆಯ ನೆರವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಸಾಗಿಸಬೇಕಾಗಿತ್ತು, ಮಾತು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಲೇ ಇತ್ತು. ತಪ್ಪು ನುಸುಳದಂತೆ ತಡೆಯಲು ಪದಗಳನ್ನು ಹಿಂದುಮುಂದಾಗಿ ಹೇಳುವ ಪಾಠಕ್ರಮಗಳು ಬೆಳೆದವು. ಘನಪಾಠದಲ್ಲಿ ಮೂರು ಪದಗಳನ್ನು 1-2, 2-1, 1-2-3, 3-2-1, 1-2-3 ಎಂಬ ಕ್ರಮದಲ್ಲಿ ಹೇಳುತ್ತಾರೆ. ಎಲ್ಲಿಯಾದರೂ ಒಂದು ಪದ ಜಾರಿದರೆ ಉಳಿದ ಸುತ್ತುಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಹೀಗೆ ಪದಗಳನ್ನು ಬಿಡಿಸಿ ಕೂಡಿಸುವಾಗ ಸಂಧಿಯಲ್ಲಿ ಏನಾಗುತ್ತದೆ ಎಂಬುದನ್ನು ನಿಖರವಾಗಿ ಹೇಳಲೇಬೇಕಾಯಿತು. ವೇದಗಳ ಉಚ್ಚಾರಣೆಯನ್ನೂ ಸಂಧಿಯನ್ನೂ ವಿವರಿಸುವ ಶಿಕ್ಷಾ ಮತ್ತು ಪ್ರಾತಿಶಾಖ್ಯ ಗ್ರಂಥಗಳು ಆ ಅಗತ್ಯದಿಂದ ಹುಟ್ಟಿದವು. ಧ್ವನಿಗಳನ್ನು ಘೋಷ (ಕಂಪನವಿರುವವು), ಅಘೋಷ (ಕಂಪನವಿಲ್ಲದವು) ಎಂದು ವಿಂಗಡಿಸುವುದನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಧ್ವನಿವಿಜ್ಞಾನಿಗಳು ಈ ಪರಂಪರೆಯಿಂದಲೇ ಸ್ಪಷ್ಟವಾಗಿ ಅರಿತುಕೊಂಡರು. ಇಂದು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿಯ ವ್ಯಂಜನಪಟ್ಟಿಯಲ್ಲೂ ಒಂದು ದಿಕ್ಕಿಗೆ ಸ್ಥಾನ, ಇನ್ನೊಂದು ದಿಕ್ಕಿಗೆ ಪ್ರಯತ್ನ, ಅಂದರೆ ಉಚ್ಚರಿಸುವ ರೀತಿ. ವ್ಯತ್ಯಾಸವೆಂದರೆ ಅದು ತುಟಿಯಿಂದ ಆರಂಭಿಸಿ ಗಂಟಲಿಗೆ ಹೋಗುತ್ತದೆ.

ಅಕ್ಷರಗಳ ಆಕಾರಗಳು ಊರೂರಿಗೆ ಬದಲಾದರೂ ಈ ಕ್ರಮ ಕೆಡದೆ ದೂರದವರೆಗೆ ಹೋಯಿತು. ಟಿಬೆಟ್, ಬರ್ಮಾ, ಥಾಯ್ಲೆಂಡ್, ಕಾಂಬೋಡಿಯಾಗಳ ಮಕ್ಕಳು ಇಂದಿಗೂ ಕವರ್ಗದಿಂದಲೇ ವ್ಯಂಜನಗಳನ್ನು ಕಲಿಯಲು ಆರಂಭಿಸುತ್ತಾರೆ. ಜಪಾನಿನ ಕಾನಾ ಅಕ್ಷರಗಳ ಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಸಂಸ್ಕೃತಾಧ್ಯಯನದಿಂದ ಅಲ್ಲಿಗೆ ತಲುಪಿದ ಕ್ರಮ ಇದು. ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ ಏಕಿದೆ ಎಂದರೆ, ಇಂದಿನ ಜಪಾನಿಯ ಹ ಹಿಂದೊಮ್ಮೆ ಪ ಆಗಿತ್ತು, ಸ ಕೂಡ ಚಕಾರಕ್ಕೆ ಹತ್ತಿರದ ಧ್ವನಿಯಾಗಿತ್ತು. ಧ್ವನಿ ಬದಲಾದ ಮೇಲೂ ಅಕ್ಷರ ತನ್ನ ಸ್ಥಾನವನ್ನು ಬಿಡಲಿಲ್ಲ. ನಮ್ಮಲ್ಲಿಯೂ ಹಾಗೆಯೇ ಆಗಿದೆ: ಋ ಎಂಬುದನ್ನು ಕರ್ನಾಟಕದಲ್ಲಿ ‘ರು’ ಎಂದೂ ಉತ್ತರ ಭಾರತದಲ್ಲಿ ‘ರಿ’ ಎಂದೂ ಓದುತ್ತಾರೆ, ಮೂಲದ ಸ್ವರ ಎರಡೂ ಕಡೆ ಮರೆಯಾಗಿದೆ. ಸಂಸ್ಕೃತದ ಉಚ್ಚಾರಣೆ ಸಾವಿರಾರು ವರ್ಷಗಳಿಂದ ಒಂದಿಷ್ಟೂ ಬದಲಾಗಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಇಲ್ಲಿಂದ ನೇರವಾಗಿ ಕೀಲಿಮಣೆಗೆ ಬರಬಹುದು. ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬಲಗೈಯ ನಡುಸಾಲಿನಲ್ಲಿ ಪ, ಕ, ತ, ಚ, ಟ ಇವೆ. ಪ ಮತ್ತು ಕ ನಡುವೆ ರ ಮಾತ್ರ ಬಂದು ಸೇರಿಕೊಂಡಿದೆ. ಈ ಐದು ಅಕ್ಷರಗಳಲ್ಲಿ ಪ್ರತಿಯೊಂದರ ಮೇಲ್ಗಡೆಯ ಸಾಲಿನಲ್ಲಿ ಅದರದರ ಘೋಷರೂಪ ಬ, ಗ, ದ, ಜ, ಡ. ಶಿಫ್ಟ್ ಗುಂಡಿಯನ್ನು ಒತ್ತಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ. ಬೆರಳು ಮೇಲಿನ ಸಾಲಿಗೆ ಹೋದರೆ ಧ್ವನಿತಂತುಗಳ ಕಂಪನ, ಶಿಫ್ಟ್ ಒತ್ತಿದರೆ ಉಸಿರಿನ ರಭಸ. ಬಾಯಿ ಮಾಡುವ ಕೆಲಸವನ್ನು ಬೆರಳು ಅದೇ ಕ್ರಮದಲ್ಲಿ ಮಾಡುತ್ತದೆ. ಒಂದು ಭಾಷೆಯಲ್ಲಿ ಈ ವಿನ್ಯಾಸವನ್ನು ಕಲಿತವರು ತೆಲುಗು, ಬಂಗಾಳಿ, ಹಿಂದಿಗಳನ್ನೂ ಅದೇ ಗುಂಡಿಗಳಿಂದ ಬೆರಳಚ್ಚಿಸಬಲ್ಲರು.

ಇನ್ನೂ ಒಳಗೆ ಇಳಿದರೆ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಮಾನಕ ಸಿಗುತ್ತದೆ. ಕಂಪ್ಯೂಟರು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಭಾರತದ ಇಸ್ಕಿ ಎಂಬ ಮಾನಕದ 1988ರ ಆವೃತ್ತಿಯನ್ನು ಆಧರಿಸಿ ಯೂನಿಕೋಡ್ ನಮ್ಮ ಮುಖ್ಯ ಲಿಪಿಗಳಿಗೆ ತಲಾ 128 ಸ್ಥಾನಗಳನ್ನು ಕೊಟ್ಟಿತು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳ ಹಾಗೆ, ಪ್ರತಿ ಲಿಪಿಯಲ್ಲೂ ಒಂದೇ ಧ್ವನಿಗೆ ಒಂದೇ ಗೂಡು. ಕನ್ನಡದ ಕ ಸಂಖ್ಯೆ 3221, ದೇವನಾಗರಿಯ ಕ 2325; ವ್ಯತ್ಯಾಸ 896. ಖ, ಗ, ಘ ಹೀಗೆ ಯಾವುದನ್ನು ತೆಗೆದುಕೊಂಡರೂ ವ್ಯತ್ಯಾಸ ಅದೇ 896, ತೆಲುಗಿಗೂ ಕನ್ನಡಕ್ಕೂ 128. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸಲು ಬಹುಪಾಲು ಅಕ್ಷರಗಳಿಗೆ ಕೂಡುವ ಅಥವಾ ಕಳೆಯುವ ಲೆಕ್ಕವೇ ಸಾಕು. ತಮಿಳಿನಲ್ಲಿ ಖ, ಗ, ಘ ಅಕ್ಷರಗಳಿಲ್ಲ. ಆದ್ದರಿಂದ ಅಲ್ಲಿ ಕ ಮತ್ತು ಙ ನಡುವಿನ ಮೂರು ಗೂಡುಗಳನ್ನು ಖಾಲಿ ಬಿಟ್ಟಿದ್ದಾರೆ. ಖಾಲಿ ಬಿಟ್ಟ ಮನೆ ಕೋಷ್ಟಕದ ಒಂದು ದೊಡ್ಡ ಗುಣ. 1871ರಲ್ಲಿ ರಷ್ಯಾದ ರಸಾಯನವಿಜ್ಞಾನಿ ಮೆಂಡಲೀವ್ ತನ್ನ ಧಾತುಗಳ ಕೋಷ್ಟಕದ ಖಾಲಿ ಮನೆಗಳಿಗೆ ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟ. ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂಗಳು 1875, 1879, 1886ರಲ್ಲಿ ಪತ್ತೆಯಾಗಿ ಆ ಮನೆಗಳನ್ನು ತುಂಬಿದವು. ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ ಬೋತ್ಲಿಂಕ್ ಮೆಂಡಲೀವ್ ಇದ್ದ ಅದೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಿದ್ವಾಂಸನಾಗಿದ್ದವನು. ವರ್ಣಮಾಲೆಯೇ ಮೆಂಡಲೀವನಿಗೆ ಪ್ರೇರಣೆ ಎಂಬುದು ಕೆಲವು ವಿದ್ವಾಂಸರ ಊಹೆ. ಊಹೆಯನ್ನು ಊಹೆಯೆಂದೇ ಹೇಳಬೇಕು.

ನಾಸಾದ ಕಥೆಯಲ್ಲಿ ಈ ಎಚ್ಚರ ಪೂರ್ತಿ ತಪ್ಪಿಹೋಗಿದೆ. 1985ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ಕೃತಕ ಬುದ್ಧಿಮತ್ತೆಯ ನಿಯತಕಾಲಿಕೆಯೊಂದರಲ್ಲಿ ಒಂದು ಲೇಖನವನ್ನು ಬರೆದರು. ಕ್ರಿಯಾಪದವನ್ನು ನಡುವೆ ಇಟ್ಟು ಕರ್ತೃ, ಕರ್ಮ, ಕರಣ ಮೊದಲಾದ ಕಾರಕಗಳ ಮೂಲಕ ವಾಕ್ಯದ ಅರ್ಥವನ್ನು ಬಿಡಿಸುವ ವೈಯಾಕರಣರ ವಿಧಾನಕ್ಕೂ ಅಂದಿನ ಸಂಶೋಧಕರು ಕಂಪ್ಯೂಟರಿಗಾಗಿ ಬಳಸುತ್ತಿದ್ದ, ಅರ್ಥಗಳ ನಡುವಿನ ಸಂಬಂಧಗಳನ್ನು ಜಾಲದಂತೆ ತೋರಿಸುವ ಅರ್ಥಜಾಲಗಳಿಗೂ ಇರುವ ಸಾಮ್ಯವನ್ನು ಅವರು ತೋರಿಸಿದರು. ನಾಸಾ ಸಂಸ್ಕೃತವನ್ನು ಬಳಸುತ್ತಿದೆ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಕಂಪ್ಯೂಟರಿಗೆ ಯಾವ ಮನುಷ್ಯಭಾಷೆಯೂ ತಾಯಿನುಡಿಯಲ್ಲ. ಅದಕ್ಕೆ ತಿಳಿಯುವುದು ಯಂತ್ರದ ಆದೇಶಗಳು ಮಾತ್ರ. ನಿಜವಾದ ಸಂಬಂಧ ಬೇರೆಡೆ ಇದೆ: ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಬರೆಯಲು ಜಾನ್ ಬ್ಯಾಕಸ್ ರೂಪಿಸಿದ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್‌ಮನ್ 1967ರಲ್ಲಿ ಸೂಚಿಸಿದರು. ಸುಮಾರು 4,000 ಸೂತ್ರಗಳಲ್ಲಿ ಒಂದು ಭಾಷೆಯನ್ನು ನಿಯಮಬದ್ಧವಾಗಿ ಹುಟ್ಟಿಸಿ ತೋರಿಸಿದವನಿಗೆ ಇಂಥ ಗೌರವ ಸಹಜವಾಗಿಯೇ ಸಲ್ಲುತ್ತದೆ. ಮಂತ್ರದ ಕಂಪನದಿಂದ ರೋಗ ವಾಸಿಯಾಗುತ್ತದೆ ಎಂಬಂಥ ಸಂದೇಶಗಳನ್ನು ಹಂಚುವವರು ಸಂಸ್ಕೃತಕ್ಕೆ ಉಪಕಾರ ಮಾಡುತ್ತಿಲ್ಲ. ಪರೀಕ್ಷಿಸಿ ಒಪ್ಪಬಹುದಾದ ಜ್ಞಾನವನ್ನು ಅವರು ಪರೀಕ್ಷೆಗೆ ನಿಲ್ಲದ ಮಾತುಗಳ ರಾಶಿಯಡಿ ಹೂಳುತ್ತಿದ್ದಾರೆ, ಮತ್ತು ಇದು ನನ್ನನ್ನು ಬಹಳವಾಗಿ ಕಾಡುತ್ತದೆ.

ಎಲ್ಲ ಭಾಷೆಗಳ ತಾಯಿ ಎಂಬ ಮಾತಿಗೂ ಇದೇ ವರ್ಣಮಾಲೆ ಉತ್ತರ ಕೊಡುತ್ತದೆ. ಕನ್ನಡ ದ್ರಾವಿಡ ಭಾಷೆ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿಯೂ ಮಿಷನರಿ ಕಾಲ್ಡ್ವೆಲ್ 1856ರಲ್ಲಿ ಇನ್ನಷ್ಟು ವಿಸ್ತಾರವಾಗಿಯೂ ತೋರಿಸಿದರು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ಕನ್ನಡಕ್ಕೆ ಅವಿಲ್ಲದೆ ಸಾಗುವುದಿಲ್ಲ. ಮಹಾಪ್ರಾಣಗಳು ಬಹುಮಟ್ಟಿಗೆ ಸಂಸ್ಕೃತದಿಂದ ಬಂದ ಪದಗಳಲ್ಲಿ ಮಾತ್ರ ಇವೆ. ಹಳಗನ್ನಡದ ೞ, ಅಂದರೆ ಏೞು, ಬಾೞೆ, ಪೊೞಲ್ ಎಂಬ ಪದಗಳಲ್ಲಿದ್ದ ಧ್ವನಿ, ಸಂಸ್ಕೃತದ ಕೋಷ್ಟಕದಲ್ಲಿ ಎಲ್ಲಿಯೂ ಇಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಅದಕ್ಕೆ ಪ್ರತ್ಯೇಕ ಗಮನ ಕೊಟ್ಟಿದ್ದಾನೆ. ತಮಿಳು, ಮಲಯಾಳಗಳಲ್ಲಿ ಆ ಧ್ವನಿ ಇಂದಿಗೂ ಬಳಕೆಯಲ್ಲಿದೆ.

ಯೂನಿಕೋಡಿನಲ್ಲಿ ತಮಿಳು ಮತ್ತು ಮಲಯಾಳಗಳ ಈ ಅಕ್ಷರ ಒಂದೇ ಗೂಡಿನಲ್ಲಿದೆ. ಅದರ ನೇರಕ್ಕೆ ಕನ್ನಡದಲ್ಲಿ ಬರಬೇಕಾದ ಸಂಖ್ಯೆ 3252. ಆ ಗೂಡು ಖಾಲಿ ಇದೆ. ಕನ್ನಡದ ೞ ಸಿಕ್ಕಿರುವುದು ದೂರದ 3294ರಲ್ಲಿ, ಅದೂ ‘ಫ’ ಎಂಬ ತಪ್ಪು ಹೆಸರಿನಲ್ಲಿ. ದೇವನಾಗರಿಯಲ್ಲಿ ಆ ಸ್ಥಾನಕ್ಕೆ ನೇರವಾಗಿರುವುದು ಕೆಳಗೆ ಚುಕ್ಕಿ ಇಟ್ಟ ಫ಼. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮ ಇರುವುದರಿಂದ ಯೂನಿಕೋಡ್ ಸಮಿತಿ ತಪ್ಪನ್ನು ಒಪ್ಪಿ ಸರಿಯಾದ ಹೆಸರನ್ನು ಪಕ್ಕದಲ್ಲಿ ನಮೂದಿಸಿದೆ, ಮೂಲದ ಹೆಸರು ಹಾಗೆಯೇ ಉಳಿದಿದೆ. ಆದ್ದರಿಂದ ಹಳಗನ್ನಡದ ಪಠ್ಯವನ್ನು 896 ಕಳೆಯುವ ಲೆಕ್ಕದಿಂದಷ್ಟೇ ದೇವನಾಗರಿಗೆ ಬದಲಾಯಿಸಿದರೆ ಏೞು ಎಂಬುದು ‘ಏಫ಼ು’ ಆಗಿಬಿಡುತ್ತದೆ. ಆ ಒಂದು ಅಕ್ಷರಕ್ಕಾಗಿ ತಂತ್ರಾಂಶದಲ್ಲಿ ಬೇರೆಯೇ ನಿಯಮವನ್ನು ಬರೆಯಬೇಕಾಗುತ್ತದೆ.