‘ಕನಾರ್ಟಕ’ ಎಲ್ಲಿಂದ ಬಂತು? ಕೆ.ಪಿ. ರಾವ್ ಕೀಲಿಮಣೆ ಮತ್ತು ನಮ್ಮ ಹಳೆ ಫೈಲುಗಳು

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿ. ಕಳೆದ ತಿಂಗಳು ಅಲ್ಲಿಗೊಂದು ಪೆನ್‌ಡ್ರೈವ್ ಹಿಡಿದು ಹೋಗಿದ್ದೆ. ಅದರಲ್ಲಿದ್ದದ್ದು ನಮ್ಮ ತಂದೆ 2004ರಲ್ಲಿ ಟೈಪ್ ಮಾಡಿಸಿದ್ದ ಎಂಬತ್ತು ಪುಟ. ಸಿಂಧನೂರು, ತುರ್ವಿಹಾಳ ಕಡೆಯ ಬೀಸುವ ಕಲ್ಲಿನ ಪದಗಳು, ಸೋಬಾನೆ ಪದಗಳು, ಹಾಡಿದ ಅಜ್ಜಿಯರ ಹೆಸರು, ಊರು. ಫೋನಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ನಡುವೆ ಪೌಂಡ್ ಗುರುತು.

“ಇದು ಹಳೇ ನುಡ್ಯಾಗ ಅದ ರೀ ಸರ್. ಯೂನಿಕೋಡ್ ಮಾಡ್ಬೇಕಾಗ್ತದ” ಎಂದರು ಅಂಗಡಿಯ ಅಕ್ಕ. ನುಡಿ ಎಂದರೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ, ಯೂನಿಕೋಡ್ ಎಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗ ಇರುವ ಒಂದೇ ಸಂಕೇತ ಪದ್ಧತಿ. ಒಂದು ಕನ್ವರ್ಟರಿಗೆ ಹಾಕಿದರು. ಕನ್ನಡ ಬಂತು. ಆದರೆ ‘ಕರ್ನಾಟಕ’ ಇದ್ದಲ್ಲೆಲ್ಲ ‘ಕನಾರ್ಟಕ’. ತುರ್ವಿಹಾಳ ಹೋಗಿ ‘ತುವಿರ್ಹಾಳ’.

ಈ ‘ಕನಾರ್ಟಕ’ವನ್ನು ನೀವೂ ನೋಡಿರುತ್ತೀರಿ. ಪಿಡಿಎಫ್‌ನಿಂದ ಕಾಪಿ ಮಾಡಿದ ಸುತ್ತೋಲೆಯಲ್ಲಿ, ವಾಟ್ಸಾಪ್ ಸಂದೇಶದಲ್ಲಿ. ಟೈಪ್ ಮಾಡಿದವರಿಗೆ ಕನ್ನಡ ಬರಲ್ಲ ಅಂತ ಜನ ಬೈಯುತ್ತಾರೆ. ಅವರ ತಪ್ಪಲ್ಲ ಅದು. ಸರಿಯಾಗಿಯೇ ಟೈಪ್ ಮಾಡಿದ ಪದ ದಾರಿಯಲ್ಲಿ ಒಡೆದು ಹೋಗಿದೆ. ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಕಡೆಗೆ ಅಕ್ಷರ ಹೊಸದಲ್ಲ. ಅಶೋಕನ ಹೆಸರೇ ಇರುವ ಬ್ರಾಹ್ಮಿ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಬಂಡೆಯ ಮೇಲೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅವನ ಶಾಸನಗಳಿವೆ. ವ್ಯಂಜನಕ್ಕೆ ಸ್ವರದ ಗುರುತು ಅಂಟಿಸಿ ಬರೆಯುವ ಪದ್ಧತಿ ಅಲ್ಲಿಯೇ ಇದೆ, ಅದೇ ಕನ್ನಡಕ್ಕೂ ಬಂದಿದೆ. ಆಮೇಲೆ ಎಷ್ಟೋ ಶತಮಾನ ದಾಟಿ ನಿಜಾಮರ ಕಾಲಕ್ಕೆ ಬಂದರೆ ರಾಯಚೂರಿನ ಕಚೇರಿಗಳಲ್ಲಿ ಉರ್ದು. 1948ರಲ್ಲಿ ಆ ಆಳ್ವಿಕೆ ಮುಗಿಯಿತು, 1956ರಲ್ಲಿ ಏಕೀಕರಣ ಆಯಿತು, ಕನ್ನಡದ ಟೈಪ್‌ರೈಟರ್ ಮೇಜಿನ ಮೇಲೆ ಬಂತು.

ಟೈಪ್‌ರೈಟರ್ ಕಲಿತವರಿಗೆ ಗೊತ್ತು, ಅದು ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುವ ಕೆಲಸ. ಮೈ ಒಂದು ಕೀಲಿ, ಗುಣಿತದ ಗುರುತು ಇನ್ನೊಂದು, ಒತ್ತು ಮತ್ತೊಂದು. ಕೈ ಪಳಗಲು ತಿಂಗಳುಗಟ್ಟಲೆ ಬೇಕು. ಕಂಪ್ಯೂಟರ್ ಬಂದಾಗ ಮೊದಮೊದಲು ಅದನ್ನೂ ಹೀಗೇ ಟೈಪ್‌ರೈಟರಿನಂತೆ ನೋಡಲಾಯಿತು.

ಅಲ್ಲಿ ಬೇರೆ ದಾರಿ ತೋರಿಸಿದವರು ಕೆ.ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾವ್. 1940ರಲ್ಲಿ ಮಂಗಳೂರು ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದವರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಸಿಂಧೂ ಲಿಪಿಯ ಅಧ್ಯಯನಕ್ಕೆ ಕಂಪ್ಯೂಟರ್ ಬಳಸುವ ಕೆಲಸದಲ್ಲೂ ಕೈಜೋಡಿಸಿದ್ದರು. ಆಮೇಲೆ ಮುದ್ರಣ ಯಂತ್ರಗಳ ಲೋಕ. ಲಿಪಿ ಹೇಗೆ ಕೂಡುತ್ತದೆ, ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದನ್ನು ಇಷ್ಟು ಕಡೆಯಿಂದ ಕಂಡವರು ಕಡಿಮೆ.

ಅವರ ಯೋಚನೆ ಇಷ್ಟೇ: ಮನುಷ್ಯ ಧ್ವನಿಯನ್ನು ಒತ್ತಲಿ, ಆಕಾರ ಜೋಡಿಸುವ ಕೆಲಸ ಯಂತ್ರ ಮಾಡಲಿ. ಅಂಗಡಿಯ ಅಕ್ಕನ ಬೆರಳು ನೋಡುತ್ತ ಕೂತಿದ್ದೆ. ‘ರಾಯಚೂರು’ ಎಂದು ಹೊಡೆಯಲು ಏಳು ಕೀಲಿ. ಆರ್, ದೊಡ್ಡ ಎ, ವೈ, ಸಿ, ದೊಡ್ಡ ಯು, ಆರ್, ಸಣ್ಣ ಯು. ‘ಕನ್ನಡ’ಕ್ಕೆ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಒತ್ತಕ್ಷರದ ಕೊಂಡಿ. ವ್ಯಂಜನದ ಮುಂದೆ ಸ್ವರ ಒತ್ತಿದರೆ ತಾನಾಗಿ ಕಾಗುಣಿತ ಆಗುತ್ತದೆ. ಶಾಲೆಯಲ್ಲಿ ಕಾಗುಣಿತ ಕಲಿತ ಯಾರಿಗಾದರೂ ಒಂದೆರಡು ದಿನದಲ್ಲಿ ಒಗ್ಗುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತುಬಿಟ್ಟಿತು.

ವಿಂಡೋಸ್‌ಗಿಂತ ಮೊದಲಿನ ಡಾಸ್ ಕಾಲದಲ್ಲಿ ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಈ ವಿನ್ಯಾಸವನ್ನು ತನ್ನದೆಂದು ಕಟ್ಟಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಆಮೇಲೆ ಸರ್ಕಾರ ಒಪ್ಪಿದ ಕೀಲಿಮಣೆಗೆ ಇದೇ ವಿನ್ಯಾಸ ತಳಹದಿಯಾಯಿತು. ಆದರೆ ದಿನಾ ಬಳಸುವ ನಮ್ಮಲ್ಲಿ ಹೆಚ್ಚಿನವರು ಅದನ್ನು ಸುಮ್ನೆ ‘ನುಡಿ ಕೀಬೋರ್ಡ್’ ಎನ್ನುತ್ತೇವೆ. ಹಂಪಿ ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ ಅಲ್ಲಿನ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು.

ಹಾಗಾದರೆ ಗೋಜಲು ಎಲ್ಲಿ ಶುರುವಾಯಿತು? ಕೀಲಿಮಣೆಯಲ್ಲಂತೂ ಅಲ್ಲ. ಒತ್ತಿದ್ದನ್ನು ಕಂಪ್ಯೂಟರ್ ಒಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬಲ್ಲಿ.

ಆ ಕಾಲದ ಫಾಂಟಿನಲ್ಲಿ ಇದ್ದದ್ದು 256 ಮನೆ. ಮೊದಲ ಅರ್ಧದಲ್ಲಿ ಇಂಗ್ಲಿಷ್ ಅಕ್ಷರ, ಉಳಿದದ್ದರಲ್ಲಿ ಯುರೋಪಿನ ಗುರುತುಗಳು. ಕನ್ನಡಕ್ಕೆ ಅಂತ ಜಾಗವೇ ಇಲ್ಲ. ಹಾಗಾಗಿ ಫಾಂಟ್ ಮಾಡುವವರು ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯ ಫಾಂಟಿನಲ್ಲಿ ‘ಕ’ ಎಂದರೆ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆ ಗೀಟಿರುವ ದೊಡ್ಡ ಎ. ಮೊದಲನೆಯದು ಮೈ, ಎರಡನೆಯದು ತಲೆಕಟ್ಟು. ‘ನ’ದ ಮೈ ಇರುವುದು ಪೌಂಡ್ ಗುರುತಿನ ಮನೆಯಲ್ಲಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ನನ್ನ ಫೋನಿನಲ್ಲಿ ಕಂಡ ಹಾಗೆ ಪೌಂಡ್.

ಇದಕ್ಕಿಂತ ಮೊದಲು ಪರಿಸ್ಥಿತಿ ಇನ್ನೂ ಕಷ್ಟ ಇತ್ತು. ಒಂದೊಂದು ಕಂಪನಿಯ ಫಾಂಟಿನಲ್ಲಿ ತುಂಡುಗಳು ಒಂದೊಂದು ಮನೆಯಲ್ಲಿ. ಒಂದು ಅಂಗಡಿಯ ಫೈಲು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. 2000ದ ಆಸುಪಾಸು ಸರ್ಕಾರ ಎಲ್ಲರಿಗೂ ಒಂದೇ ಜೋಡಣೆ ಗೊತ್ತು ಮಾಡಿತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ತಂದಿತು, ಅದು ಉಚಿತವಾಗಿ ಸಿಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶ ಬಂದಿತ್ತು. ಇವೆರಡೂ ಇಲ್ಲದಿದ್ದರೆ ರಾಯಚೂರಿನಂಥ ಊರಲ್ಲಿ ಕಂಪ್ಯೂಟರ್ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ. ಆ ಉಪಕಾರ ಮರೆಯುವಂಥದ್ದಲ್ಲ.

ಆದರೆ ಅಷ್ಟೊತ್ತಿಗಾಗಲೇ ಇನ್ನೊಂದು ದಾರಿಯೂ ತೆರೆದಿತ್ತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಇತ್ತು. ಅಲ್ಲಿ ತುಂಡು ಇಡುವುದಿಲ್ಲ, ಅಕ್ಷರವನ್ನೇ ಇಡುವುದು, ಅದೂ ಉಚ್ಚಾರದ ಕ್ರಮದಲ್ಲಿ. ರಾವ್ ಅವರ ಕೀಲಿಮಣೆಯ ಮನಸ್ಸಿಗೂ ಇದಕ್ಕೂ ಎಷ್ಟು ಹೊಂದಿಕೆ ನೋಡಿ. ಆದರೆ ಜನರ ಕಂಪ್ಯೂಟರ್ ಅದನ್ನು ತೋರಿಸಬೇಕಲ್ಲ? ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಿಂದ. ಹತ್ತು ವರ್ಷದ ಆ ಸಂದಿನಲ್ಲಿ ಹಳೆಯ ದಾರಿ ಬೇರೂರಿತು.

ಆಮೇಲಾದರೂ ಬದಲಾಗಬೇಕಿತ್ತು. ಆಗಲಿಲ್ಲ. ಒಂದು ಕಾರಣ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಅದರಲ್ಲೇ. ಅದರ ಕೊನೆಯ ಆವೃತ್ತಿ 2001ರದ್ದು, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅಂಗಡಿಯವರಿಗೆ ಅದೇ ಅನ್ನ. ಕಚೇರಿಗಳಲ್ಲೂ ಕೈ ಪಳಗಿದ್ದು ಹಳೆ ನುಡಿಗೆ. ಮುಂದೆ ನುಡಿಯಲ್ಲೇ ಯೂನಿಕೋಡ್ ಬಂತು, ಆದರೆ ಹಳೆ ಫೈಲು ತಾನಾಗಿ ಬದಲಾಗುವುದಿಲ್ಲ ಅಲ್ವಾ? ಸಮಯ ಕೊಟ್ಟು, ಹಣ ಕೊಟ್ಟು, ಊರೂರಿನ ಟೈಪಿಸ್ಟರಿಗೆ ಹೇಳಿಕೊಟ್ಟು ಇದನ್ನು ಮಾಡಬೇಕಿತ್ತು. ಈಗಲೂ ಆ ಕೆಲಸ ಹಾಗೇ ಇದೆ.

ಈಗ ‘ಕನಾರ್ಟಕ’ಕ್ಕೆ ಬರೋಣ. ಅರ್ಕಾವತ್ತನ್ನು, ಅಂದರೆ ‘ರ್’ ಗುರುತನ್ನು, ಕನ್ನಡದಲ್ಲಿ ಬರೆಯುವುದು ಅಕ್ಷರದ ನಂತರ, ಹೇಳುವುದು ಅಕ್ಷರಕ್ಕಿಂತ ಮೊದಲು. ಹಳೆ ಫಾಂಟು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ: ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡ್ ಕಿವಿಗೆ ಕೇಳಿದ ಕ್ರಮದಲ್ಲಿ: ಕ, ರ್, ನಾ, ಟ, ಕ. ಒಳ್ಳೆಯ ಕನ್ವರ್ಟರ್ ಅರ್ಕಾವತ್ತನ್ನು ಎತ್ತಿ ಹಿಂದಿನ ಅಕ್ಷರದ ಮೊದಲಿಗೆ ತಂದಿಡುತ್ತದೆ. ಅದು ಗೊತ್ತಿಲ್ಲದ ಕನ್ವರ್ಟರ್ ಇದ್ದಲ್ಲೇ ‘ರ್’ ಮಾಡುತ್ತದೆ. ಆ ರ್ ಮುಂದಿನ ಟ ಮೇಲೆ ಹೋಗಿ ಕೂರುತ್ತದೆ.

ನಿಮ್ಮ ಮನೆಯಲ್ಲೂ ಹಳೆ ಸಿಡಿ, ಪೆನ್‌ಡ್ರೈವ್ ಇದ್ದರೆ ದಯವಿಟ್ಟು ಈಗಲೇ ತೆರೆದು ನೋಡಿ. ಯೂನಿಕೋಡಿಗೆ ಹಾಕಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಹುಡುಕಿ ಓದಿ. ಊರಿನ ಹೆಸರು, ಮನುಷ್ಯರ ಹೆಸರು ಮೊದಲು. ಮೂಲ ಫೈಲನ್ನು ಅಳಿಸಬೇಡಿ.

ನಾನು ಮತ್ತು ಆ ಅಕ್ಕ ಎರಡು ಸಂಜೆ ಕೂತೆವು. ಒಂದೊಂದೇ ಪದ ಹುಡುಕಿ ತಿದ್ದಿದೆವು. ಬೀಸುವ ಪದ ಜಾಸ್ತಿ ಹಾಡಿದ ಅಜ್ಜಿಯ ಹೆಸರು ಹನ್ನೊಂದು ಕಡೆ ‘ಪಾವರ್ತೆಮ್ಮ’ ಎಂದಾಗಿತ್ತು. ಅಕ್ಕ ರ್ ತೆಗೆದು ವ ಅಕ್ಷರಕ್ಕಿಂತ ಮೊದಲು ಇಟ್ಟರು. ಪಾರ್ವತೆಮ್ಮ. ಇನ್ನೂ ಮೂವತ್ತು ಪುಟ ಬಾಕಿ ಇದೆ, ಶನಿವಾರ ಮತ್ತೆ ಹೋಗುತ್ತೇನೆ.